ಮುಪ್ಪಿನ ಬಿಪಿ: ಎಷ್ಟಕ್ಕೆ ಇಳಿಸಬೇಕು?

ಅರವತ್ತು ದಾಟಿದವರ ರಕ್ತದೊತ್ತಡವನ್ನು ಔಷಧಿಯಿಂದ ಇಳಿಸಬೇಕೇ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಖಚಿತವಾಗಿ ಹೌದೆಂದದ್ದು 1991ರಲ್ಲಿ, ಎಂಬತ್ತು ದಾಟಿದವರ ವಿಷಯದಲ್ಲಿ 2008ರಲ್ಲಿ. ಎಷ್ಟಕ್ಕೆ ಇಳಿಸಬೇಕು ಎಂಬ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. 120, 130, 140, 150 ಈ ನಾಲ್ಕೂ ಸಂಖ್ಯೆಗಳನ್ನು ಕಳೆದ ಹನ್ನೆರಡು ವರ್ಷಗಳ ಒಂದಲ್ಲ ಒಂದು ದೊಡ್ಡ ಅಧ್ಯಯನವೋ ಮಾರ್ಗಸೂಚಿಯೋ ಎತ್ತಿ ಹಿಡಿದಿದೆ. ಕಲಬುರಗಿ ನಗರದಲ್ಲಿ ಮನೆಯಲ್ಲೇ ಬಿಪಿ ಯಂತ್ರ ಇಟ್ಟುಕೊಂಡಿರುವ ಅರವತ್ತೈದರ ನಿವೃತ್ತ ನೌಕರ ಒಬ್ಬ. ಕಮಲಾಪುರ ತಾಲ್ಲೂಕಿನ ತಾಂಡಾದಲ್ಲಿ, ಮಕ್ಕಳು ದುಡಿಯಲು ಪುಣೆಗೋ ಮುಂಬೈಗೋ ಹೋದ ಮೇಲೆ ಒಂಟಿಯಾಗಿರುವ ಎಂಬತ್ತೈದರ ಅಜ್ಜಿ ಇನ್ನೊಬ್ಬಳು. ಇಬ್ಬರಿಗೂ ಒಂದೇ ಸಂಖ್ಯೆ ಒಪ್ಪುತ್ತದೆಯೇ ಎಂಬುದೇ ಈ ಚರ್ಚೆಯ ತಿರುಳು.

ಮುಪ್ಪಿನಲ್ಲಿ ಒತ್ತಡ ಏರುವ ಬಗೆ

ಯೌವನದಲ್ಲಿ ಮಹಾಧಮನಿಯ ಗೋಡೆ ಹಿಗ್ಗಬಲ್ಲದು. ಹೃದಯ ರಕ್ತವನ್ನು ಒಮ್ಮೆಲೇ ತಳ್ಳಿದಾಗ ಆ ಗೋಡೆ ಅಗಲವಾಗಿ ರಭಸವನ್ನು ನುಂಗಿಕೊಳ್ಳುತ್ತದೆ, ಹೃದಯ ಸಡಿಲವಾದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುತ್ತದೆ. ವಯಸ್ಸಾದಂತೆ ಗೋಡೆಯ ಎಲಾಸ್ಟಿನ್ ನಾರುಗಳು ಸವೆಯುತ್ತವೆ. ಅವುಗಳ ಜಾಗದಲ್ಲಿ ಗಡುಸಾದ ಕೊಲಾಜನ್ ಮತ್ತು ಸುಣ್ಣದ ಅಂಶ ಕೂಡುತ್ತವೆ. ಆಗ ರಭಸಕ್ಕೆ ತಡೆಯಿಲ್ಲದೆ ಮೇಲಿನ ಸಂಖ್ಯೆ ಏರುತ್ತದೆ. ಕುಗ್ಗಿ ನೂಕುವ ಶಕ್ತಿ ಉಳಿಯದ ಕಾರಣ ಕೆಳಗಿನ ಸಂಖ್ಯೆ ಇಳಿಯುತ್ತದೆ. ನಲವತ್ತರ ವ್ಯಕ್ತಿಯಲ್ಲಿ 150/100 ಕಾಣಿಸಿದರೆ ಎಪ್ಪತ್ತೈದರ ವ್ಯಕ್ತಿಯಲ್ಲಿ 172/76 ಕಾಣಿಸುವುದು ಇದರಿಂದಲೇ. ಎರಡೂ ಏರೊತ್ತಡವೇ ಆದರೂ ಒಳಗಿನ ಕಥೆ ಬೇರೆ.

ಚಿಕಿತ್ಸೆಯ ತೊಡಕುಗಳೆಲ್ಲ ಈ ಬೇರೆ ಕಥೆಯಿಂದಲೇ ಹುಟ್ಟುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಹರಿಯುವುದು ಹೆಚ್ಚಾಗಿ ಹೃದಯ ಸಡಿಲಗೊಂಡ ಹೊತ್ತಿನಲ್ಲಿ, ಅಂದರೆ ಕೆಳಗಿನ ಸಂಖ್ಯೆಯ ಒತ್ತಡದಲ್ಲಿ. ಮೇಲಿನದನ್ನು ಇಳಿಸುವ ಗುಳಿಗೆ ಮೊದಲೇ ತಗ್ಗಿರುವ ಕೆಳಗಿನದನ್ನೂ ಇಳಿಸುತ್ತದೆ. ಇದರ ಜೊತೆಗೆ, ಎದ್ದು ನಿಂತಾಗ ಕ್ಷಣಾರ್ಧದಲ್ಲಿ ಒತ್ತಡ ಸರಿಪಡಿಸುವ ಕುತ್ತಿಗೆಯ ನರತಂತುಗಳು ಮುಪ್ಪಿನಲ್ಲಿ ಮಂದವಾಗುತ್ತವೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಲುವಿನ ಕುಸಿತ. ಕಲಬುರಗಿ ಕಡೆಯ ಹಿರಿಯರು ‘ಎದ್ದ ಕೂಡಲೆ ಚಕ್ಕರ್ ಬರ್ತದ’ ಎಂದು ಹೇಳುವುದು ಬಹಳ ಸಲ ಇದನ್ನೇ. ಹೊಟ್ಟೆ ತುಂಬ ಉಂಡ ಒಂದೆರಡು ತಾಸಿನಲ್ಲೂ ಕೆಲವರಲ್ಲಿ ಒತ್ತಡ ಹೀಗೇ ಕುಸಿಯುವುದುಂಟು.

ಅಳತೆ ಬಂದ ಮೇಲೆ

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಕೊಳವೆ ಜೋಡಿಸಿ ಒತ್ತಡ ಅಳೆದ ವಿವರ ಪ್ರಕಟವಾದದ್ದು 1733ರಲ್ಲಿ. ಮನುಷ್ಯರ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ವಿಧಾನವನ್ನು ಇಟಲಿಯ ರೀವಾ-ರೊಚ್ಚಿ 1896ರಲ್ಲಿ ಕೊಟ್ಟರು. 1905ರಲ್ಲಿ ರಷ್ಯಾದ ಕೊರೊಟ್ಕೊಫ್ ತೋಳಿನ ನಾಳದ ಸದ್ದು ಕೇಳಿ ಎರಡೂ ಸಂಖ್ಯೆ ಗುರುತಿಸುವುದನ್ನು ತೋರಿಸಿದರು. ಅಳೆಯಲು ಬಂತು, ಆದರೆ ಅಳೆದು ಏನು ಮಾಡಬೇಕೆಂದು ಅರ್ಧ ಶತಮಾನ ಯಾರಿಗೂ ಗೊತ್ತಿರಲಿಲ್ಲ. ಗಡುಸಾದ ನಾಳಗಳಲ್ಲಿ ರಕ್ತ ನೂಕಲು ದೇಹವೇ ಒತ್ತಡ ಏರಿಸಿಕೊಳ್ಳುತ್ತದೆ, ಮುದುಕರಲ್ಲಿ ಅದು ಬೇಕಾದದ್ದೇ ಎಂದು ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಒತ್ತಡ 1944ರ ಮಾರ್ಚ್‌ನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ಸತ್ತ ದಿನ ಅದು 300/190. ಜಗತ್ತಿನ ಅತಿ ಪ್ರಬಲ ಮನುಷ್ಯನಿಗೂ ಆಗ ಕೊಡಲು ನೆಟ್ಟಗೆ ಒಂದು ಗುಳಿಗೆ ಇರಲಿಲ್ಲ.

ಮೊದಲ ನಿಜವಾದ ಗುಳಿಗೆಗಳಲ್ಲೊಂದು ಹೊರಟದ್ದು ಭಾರತದ ಬೇರಿನಿಂದ. ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಬಾಂಬೆಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಪಶ್ಚಿಮದ ಕಣ್ಣು ಅತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದರಿಂದ ರೆಸರ್ಪಿನ್ ಬೇರ್ಪಡಿಸಿತು. ಮನಸ್ಸು ಕುಗ್ಗಿಸುವ ದುಷ್ಪರಿಣಾಮದಿಂದ ಅದು ಮುಂದೆ ಹಿಂದೆ ಸರಿಯಿತು. 1950ರ ದಶಕದ ಕೊನೆಗೆ ಬಂದ, ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಥಯಾಜೈಡ್ ಗುಂಪು ಇಂದಿಗೂ ಬಳಕೆಯಲ್ಲಿದೆ.

ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 1967 ಮತ್ತು 1970ರಲ್ಲಿ ಪ್ರಕಟಿಸಿದ ಪ್ರಯೋಗಗಳು ಔಷಧಿಯಿಂದ ಪಾರ್ಶ್ವವಾಯು, ಹೃದಯ ವೈಫಲ್ಯ ತಪ್ಪುತ್ತವೆಂದು ತೋರಿಸಿದವು. ಆದರೆ ಆ ಪ್ರಯೋಗಗಳು ರೋಗಿಗಳನ್ನು ಆರಿಸಿದ್ದು ಕೆಳಗಿನ ಸಂಖ್ಯೆ ನೋಡಿ. ಮುದುಕರಲ್ಲಿ ಏರುವುದು ಮೇಲಿನದು. ಹೀಗಾಗಿ ಅವರು ಇನ್ನೂ ಇಪ್ಪತ್ತು ವರ್ಷ ಲೆಕ್ಕದ ಹೊರಗೇ ಉಳಿದರು. ವಯಸ್ಸಿಗೆ ನೂರು ಸೇರಿಸಿದರೆ ಬರುವುದೇ ಸರಿಯಾದ ಬಿಪಿ ಎಂಬ ಲೆಕ್ಕ ಆ ಕಾಲದ್ದು. ಅದು ತಪ್ಪೆಂದು ಸಾಬೀತಾಗಿ ಮೂರು ದಶಕ ಕಳೆದರೂ ಹಳ್ಳಿಕಟ್ಟೆಗಳಲ್ಲಿ ಮಾತ್ರವಲ್ಲ, ಕೆಲವು ದವಾಖಾನೆಗಳಲ್ಲೂ ಅದು ಬದುಕಿದೆ.

ಇಳಿಸಬೇಕೆಂಬ ಪಕ್ಷ ಗೆದ್ದದ್ದು

1991ರಲ್ಲಿ ಅಮೆರಿಕದ ‘ಷೆಪ್’ ಪ್ರಯೋಗದ ಫಲಿತಾಂಶ ಬಂತು. ಅರವತ್ತು ದಾಟಿದ, ಮೇಲಿನ ಸಂಖ್ಯೆ ಮಾತ್ರ 160ಕ್ಕಿಂತ ಹೆಚ್ಚಿದ್ದ 4,736 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕ್ಲೋರ್ಥ್ಯಾಲಿಡೋನ್ ಎಂಬ ಅಗ್ಗದ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ. ಔಷಧಿ ನುಂಗಿದವರಲ್ಲಿ ಪಾರ್ಶ್ವವಾಯು ಶೇ 36ರಷ್ಟು ಕಡಿಮೆಯಾಯಿತು. ಕುತೂಹಲದ ಸಂಗತಿಯೆಂದರೆ ಒಂದು ಗುಳಿಗೆ ಸಾಲದವರಿಗೆ ಸೇರಿಸುತ್ತಿದ್ದ ಎರಡನೆಯ ಔಷಧಿಗಳಲ್ಲಿ ಸರ್ಪಗಂಧದ ರೆಸರ್ಪಿನ್ ಸಹ ಇತ್ತು. 1997ರಲ್ಲಿ ಯುರೋಪಿನ ಇಂಥದೇ ಪ್ರಯೋಗ ಪಾರ್ಶ್ವವಾಯು ಶೇ 42ರಷ್ಟು ತಗ್ಗಿದ್ದನ್ನು ಕಂಡಿತು.

ಎಂಬತ್ತರ ಆಚೆ ಅನುಮಾನ ಉಳಿದಿತ್ತು. ಅಷ್ಟು ವಯಸ್ಸಾದವರಲ್ಲಿ ಒತ್ತಡ ಹೆಚ್ಚಿದ್ದವರೇ ಹೆಚ್ಚು ದಿನ ಬದುಕುತ್ತಾರೆಂದು ಕೆಲವು ವೀಕ್ಷಣಾ ಅಧ್ಯಯನಗಳು ಹೇಳುತ್ತಿದ್ದವು. ಸಾವು ಹತ್ತಿರವಾದಂತೆ ಒತ್ತಡ ತಾನಾಗಿಯೇ ಇಳಿಯುತ್ತದಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅವುಗಳಿಂದ ತಿಳಿಯುವಂತಿರಲಿಲ್ಲ. 2008ರ ‘ಹೈವೆಟ್’ ಪ್ರಯೋಗ ಇದನ್ನು ನೇರವಾಗಿ ಪರೀಕ್ಷಿಸಿತು. ಎಂಬತ್ತು ದಾಟಿದ 3,845 ಜನ, ಇಂಡಪಮೈಡ್, ಬೇಕಾದವರಿಗೆ ಜೊತೆಗೆ ಪೆರಿಂಡೊಪ್ರಿಲ್, ಗುರಿ 150/80. ಒಟ್ಟು ಸಾವು ಶೇ 21, ಹೃದಯ ವೈಫಲ್ಯ ಶೇ 64 ಕಡಿಮೆಯಾದವು. ಹುಸಿ ಗುಳಿಗೆ ಮುಂದುವರಿಸುವುದು ಅನ್ಯಾಯವೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಮುದಿತನ ಚಿಕಿತ್ಸೆ ಕೊಡದಿರಲು ಕಾರಣವಲ್ಲ ಎಂಬುದು ಅಲ್ಲಿಗೆ ನಿರ್ಧಾರವಾಯಿತು. ಈ ತೀರ್ಪನ್ನು ಅಲ್ಲಾಡಿಸುವ ಗಟ್ಟಿ ಸಾಕ್ಷ್ಯ ಆಮೇಲೆ ಬಂದಿಲ್ಲ.

‘ಇನ್ನೂ ಕೆಳಗೆ’ ಎನ್ನುವವರು

ಮುಂದಿನ ಜಗಳ ಗುರಿಯ ಬಗ್ಗೆ. ಅಮೆರಿಕದ ತಜ್ಞರ ಸಮಿತಿಯೊಂದು 2014ರಲ್ಲಿ ಅರವತ್ತು ದಾಟಿದವರ ಗುರಿಯನ್ನು 140ರಿಂದ 150ಕ್ಕೆ ಸಡಿಲಿಸಿತು. ಸಮಿತಿಯ ಐವರು ಸದಸ್ಯರು ಒಪ್ಪದೆ ಬೇರೆ ಲೇಖನವನ್ನೇ ಬರೆದರು. ಮರುವರ್ಷ ಬಂದ ‘ಸ್ಪ್ರಿಂಟ್’ ಪ್ರಯೋಗ ಲೋಲಕವನ್ನು ಇನ್ನೊಂದು ತುದಿಗೆ ಒಯ್ದಿತು. 9,361 ಜನರಲ್ಲಿ ಒಂದು ಗುಂಪಿಗೆ 140ರ ಒಳಗಿನ ಗುರಿ, ಇನ್ನೊಂದಕ್ಕೆ 120ರ ಒಳಗಿನ ಗುರಿ. ಬಿಗಿ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇ 25, ಸಾವು ಶೇ 27 ಕಡಿಮೆ. 75 ದಾಟಿದ 2,636 ಜನರಲ್ಲಿ ಲಾಭ ಇನ್ನೂ ಹೆಚ್ಚು, ಸುಮಾರು ಮೂರನೇ ಒಂದು ಪಾಲು. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಏರೊತ್ತಡದ ಗೆರೆಯನ್ನೇ 130/80ಕ್ಕೆ ಎಳೆದವು. ರಾತ್ರೋರಾತ್ರಿ ಆ ದೇಶದ ವಯಸ್ಕರಲ್ಲಿ ಅರ್ಧದ ಹತ್ತಿರ ಜನ ಬಿಪಿ ರೋಗಿಗಳಾದರು. ಚೀನಾದ ‘ಸ್ಟೆಪ್’ ಪ್ರಯೋಗ 2021ರಲ್ಲಿ 60ರಿಂದ 80 ವಯಸ್ಸಿನ 8,511 ಜನರಲ್ಲಿ 130ರ ಕೆಳಗೆ ಇಳಿಸಿದರೆ ಲಾಭವೆಂದು ಕಂಡಿತು. ಯುರೋಪಿನ ಹೃದ್ರೋಗ ಸಂಘ 2024ರಲ್ಲಿ, ತಾಳಿಕೊಳ್ಳಬಲ್ಲವರಿಗೆ 120ರಿಂದ 129ರ ಗುರಿ ಹಾಕಿತು.

ಈ ಪಕ್ಷದ ವಾದ ಸರಳ. ಅಪಾಯ ಒಂದು ಗೆರೆಯಲ್ಲಿ ಶುರುವಾಗುವುದಿಲ್ಲ, 115ರಿಂದಲೇ ಮೆಲ್ಲಗೆ ಏರುತ್ತದೆ. ಮುದುಕರಲ್ಲಿ ಒಟ್ಟು ಅಪಾಯವೇ ಹೆಚ್ಚಿರುವುದರಿಂದ ಅಷ್ಟೇ ಇಳಿಕೆಗೆ ಸಿಗುವ ಫಲವೂ ದೊಡ್ಡದು. 2019ರಲ್ಲಿ ಸ್ಪ್ರಿಂಟ್‌ನ ಮುಂದಿನ ಭಾಗ, ಬಿಗಿ ಚಿಕಿತ್ಸೆ ಪಡೆದವರಲ್ಲಿ ನೆನಪಿನ ಶಕ್ತಿಯ ಆರಂಭಿಕ ಕುಸಿತವೂ ಕಡಿಮೆಯಾಗಿದ್ದನ್ನು ತೋರಿಸಿತು. ಮರೆವಿನ ರೋಗದ ಭಯ ಬಿಪಿಯ ಭಯಕ್ಕಿಂತ ದೊಡ್ಡದಾಗಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಸ್ಪ್ರಿಂಟ್‌ನ 120 ಕಲಬುರಗಿಯ ಹೊರರೋಗಿ ವಿಭಾಗದ 120 ಅಲ್ಲ. ಅಲ್ಲಿ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಸ್ವಯಂಚಾಲಿತ ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆಯುತ್ತಿದ್ದರು. ಕಮಲಾಪುರದಿಂದ ಸುಮಾರು 35 ಕಿ.ಮೀ. ಬಸ್ಸಿನಲ್ಲಿ ನಿಂತು ಬಂದು, ಚೀಟಿಗೆ ಸರದಿಯಲ್ಲಿ ಕಾದು, ಕೂರುವ ಮೊದಲೇ ತೋಳಿಗೆ ಪಟ್ಟಿ ಕಟ್ಟಿಸಿಕೊಂಡವರ ಅಳತೆ ನಿಜಕ್ಕಿಂತ ಎಷ್ಟೋ ಮೇಲಿರುತ್ತದೆ. ಆ ಅಳತೆ ನಂಬಿ 120ಕ್ಕೆ ಇಳಿಸಹೊರಟರೆ ಮನೆಯಲ್ಲಿ ಆ ಮನುಷ್ಯ 105ಕ್ಕೆ ಬಂದು ಬಚ್ಚಲಲ್ಲಿ ಬೀಳಬಹುದು. ಅರ್ಧ ತಾಸು ಮೊದಲು ಚಹಾ, ತಂಬಾಕು ಬಿಟ್ಟು, ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಕೊಟ್ಟು, ಕೈಯನ್ನು ಹೃದಯದ ಮಟ್ಟದಲ್ಲಿ ಇಟ್ಟು, ಮಾತಾಡದೆ ಕೂತಾಗ ಸಿಗುವುದು ನಿಜವಾದ ಅಳತೆ. ಮನೆಯಲ್ಲಿ ಅಳೆದರೆ 135/85 ಎಂಬುದು ದವಾಖಾನೆಯ 140/90ಕ್ಕೆ ಸಮ. ನಾಡಿ ಏರುಪೇರಾಗಿ ಹೊಡೆಯುವವರಲ್ಲಿ ಡಿಜಿಟಲ್ ಯಂತ್ರ ತಪ್ಪು ತೋರಿಸಬಹುದು.

ಎಚ್ಚರಿಕೆಯ ಪಕ್ಷ

ಎದುರು ಪಕ್ಷ ಚಿಕಿತ್ಸೆಯನ್ನು ವಿರೋಧಿಸುವುದಿಲ್ಲ. ಪ್ರಯೋಗಗಳಿಗೆ ಯಾರನ್ನು ಸೇರಿಸಿಕೊಂಡಿರಲಿಲ್ಲ ಎಂದು ಅದು ಕೇಳುತ್ತದೆ. ಸ್ಪ್ರಿಂಟ್ ಸಕ್ಕರೆ ಕಾಯಿಲೆಯವರನ್ನು, ಒಮ್ಮೆ ಲಕ್ವ ಹೊಡೆದವರನ್ನು, ಆರೈಕೆ ಗೃಹಗಳಲ್ಲಿ ಇರುವವರನ್ನು, ನಿಂತಾಗ ಮೇಲಿನ ಸಂಖ್ಯೆ 110ಕ್ಕಿಂತ ಕಡಿಮೆ ಇದ್ದವರನ್ನು ಹೊರಗಿಟ್ಟಿತ್ತು. ಹೈವೆಟ್ ಮರೆವಿನ ರೋಗದವರನ್ನು ಸೇರಿಸಲಿಲ್ಲ. ದವಾಖಾನೆಯಲ್ಲಿ ಎದುರಾಗುವ ಎಂಬತ್ತೈದರ ವ್ಯಕ್ತಿಗೆ ಇವುಗಳಲ್ಲಿ ಎರಡು ಮೂರಾದರೂ ಇದ್ದೇ ಇರುತ್ತವೆ. ಫ್ರಾನ್ಸ್ ಮತ್ತು ಇಟಲಿಯ ಆರೈಕೆ ಗೃಹಗಳ ವೀಕ್ಷಣಾ ಅಧ್ಯಯನ 2015ರಲ್ಲಿ, ಎರಡು ಅಥವಾ ಅದಕ್ಕಿಂತ ಹೆಚ್ಚು ಬಿಪಿ ಗುಳಿಗೆ ನುಂಗುತ್ತ 130ಕ್ಕಿಂತ ಕೆಳಗಿದ್ದವರಲ್ಲಿ ಸಾವು ಹೆಚ್ಚೆಂದು ಕಂಡಿತು. 51 ಪ್ರಯೋಗಗಳ 3,58,707 ಜನರ ದತ್ತಾಂಶ ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲಿ 84ರವರೆಗೆ ಲಾಭ ಸ್ಪಷ್ಟವಿದ್ದು, 85 ದಾಟಿದವರಲ್ಲಿ ಅದು ಖಚಿತವಾಗಿ ಕಾಣಲಿಲ್ಲ.

ಈ ಪಕ್ಷಕ್ಕೆ ಮುಖ್ಯವಾದದ್ದು ಹುಟ್ಟಿದ ಇಸವಿಗಿಂತ ಬಳಲಿಕೆಯ ಮಟ್ಟ. ಕೆನಡಾದ ಕೆನೆತ್ ರಾಕ್‌ವುಡ್ 2005ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು: ತಾನೇ ಸ್ನಾನ ಮಾಡಬಲ್ಲನೇ, ಹೊರಗೆ ಹೋಗಿ ಬರಬಲ್ಲನೇ, ನಡಿಗೆ ನಿಧಾನವಾಗಿದೆಯೇ ಇತ್ಯಾದಿ. ದಿನವೂ ಹೊಲಕ್ಕೆ ನಡೆದು ಹೋಗುವ ಎಂಬತ್ತೆರಡರ ಮುತ್ಯಾನನ್ನು ಈ ಲೆಕ್ಕದಲ್ಲಿ ಅರವತ್ತೈದರವನಂತೆ ನೋಡಬೇಕು, ಹಾಸಿಗೆ ಹಿಡಿದ ಎಪ್ಪತ್ತರವನನ್ನು ತೊಂಬತ್ತರವನಂತೆ. ಇಲ್ಲೊಂದು ಗಂಟು ಉಂಟು. ಹೈವೆಟ್ ಮತ್ತು ಸ್ಪ್ರಿಂಟ್‌ನ ದತ್ತಾಂಶವನ್ನು ಬಳಲಿಕೆಯ ಪ್ರಕಾರ ವಿಂಗಡಿಸಿ ನೋಡಿದವರಿಗೆ, ಪ್ರಯೋಗದೊಳಗಿದ್ದ ಬಳಲಿದವರಿಗೂ ಲಾಭವಾದದ್ದು ಕಂಡಿತು. ಎಚ್ಚರಿಕೆಯ ಪಕ್ಷ ಇದಕ್ಕೆ, ಪ್ರಯೋಗಕ್ಕೆ ಬರಲು ಶಕ್ತಿಯಿದ್ದವರ ಬಳಲಿಕೆ ನಿಜವಾದ ಬಳಲಿಕೆಯಲ್ಲ ಎನ್ನುತ್ತದೆ. ಎರಡೂ ಮಾತಿನಲ್ಲಿ ಹುರುಳಿದೆ.

ಗುಳಿಗೆ ಕಡಿಮೆ ಮಾಡಿ ನೋಡಿದ ಪ್ರಯೋಗಗಳೂ ಬಂದಿವೆ. ಇಂಗ್ಲೆಂಡಿನ ‘ಆಪ್ಟಿಮೈಸ್’ 2020ರಲ್ಲಿ, ಎಂಬತ್ತು ದಾಟಿದ 569 ಜನರಲ್ಲಿ ಒಂದು ಗುಳಿಗೆ ನಿಲ್ಲಿಸಿದರೂ 12 ವಾರಗಳ ನಂತರ ಬಹುಪಾಲು ಜನರ ಒತ್ತಡ 150ರ ಒಳಗೇ ಉಳಿದದ್ದನ್ನು ತೋರಿಸಿತು. ಫ್ರಾನ್ಸಿನ ಆರೈಕೆ ಗೃಹಗಳ ‘ರಿಟ್ರೀಟ್-ಫ್ರೇಲ್’ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಹಂತಹಂತವಾಗಿ ಗುಳಿಗೆ ಇಳಿಸಿದವರಿಗೂ ಮುಂದುವರಿಸಿದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಳಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂಬ ನಿರೀಕ್ಷೆ ಸುಳ್ಳಾಯಿತು. ಇಳಿಸಿದರೆ ಕೇಡಾಗುತ್ತದೆ ಎಂಬ ಭಯವೂ ನಿಜವಾಗಲಿಲ್ಲ.

ಎರಡೂ ಪಕ್ಷಗಳು ಒಪ್ಪುವ, ಆದರೂ ಬಹಳ ಕಡೆ ನಡೆಯದ ಕೆಲಸವೊಂದಿದೆ: ರೋಗಿಯನ್ನು ನಿಲ್ಲಿಸಿ ಅಳೆಯುವುದು. ಕೂತಾಗ 158, ನಿಂತಾಗ 124 ಇರುವ ವ್ಯಕ್ತಿಗೆ ಇನ್ನೊಂದು ಗುಳಿಗೆ ಬರೆಯುವುದು ಸೊಂಟದ ಮೂಳೆ ಮುರಿಯುವ ದಾರಿ. ಇದಕ್ಕೆ ಹೊಸ ಯಂತ್ರ ಬೇಡ, ಮೂರು ನಿಮಿಷ ಸಾಕು.

ಗುಳಿಗೆಯ ಆಯ್ಕೆ

ಯಾವ ಔಷಧಿ ಎಂಬ ಪ್ರಶ್ನೆ ಗುರಿಯ ಪ್ರಶ್ನೆಯಷ್ಟು ಬಿಸಿಯಾಗಿಲ್ಲ. 33,357 ಜನರ ‘ಆಲ್‌ಹ್ಯಾಟ್’ ಪ್ರಯೋಗ 2002ರಲ್ಲಿ, ಹಳೆಯ ಅಗ್ಗದ ಕ್ಲೋರ್ಥ್ಯಾಲಿಡೋನ್ ಹೊಸ ದುಬಾರಿ ಗುಳಿಗೆಗಳಿಗೆ ಯಾವುದರಲ್ಲೂ ಕಮ್ಮಿಯಲ್ಲ ಎಂದಿತು. ಈಗ ಬಹುತೇಕ ಎಲ್ಲರೂ ಒಪ್ಪುವುದು ಅಮ್ಲೊಡಿಪಿನ್, ಟೆಲ್ಮಿಸಾರ್ಟನ್‌ನಂಥವು ಮತ್ತು ಥಯಾಜೈಡ್ ಗುಂಪು. ಹಿರಿಯರಲ್ಲಿ ಕಡಿಮೆ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು ವಾಡಿಕೆ. ಅಮ್ಲೊಡಿಪಿನ್‌ನಿಂದ ಪಾದ ಊದುತ್ತದೆ. ಅದನ್ನು ಹೃದಯದ ಊತವೆಂದು ತಿಳಿದು ಮೂತ್ರದ ಗುಳಿಗೆ ಸೇರಿಸುವ ತಪ್ಪು ಆಗಾಗ ನಡೆಯುತ್ತದೆ. ಥಯಾಜೈಡ್‌ನಿಂದ ರಕ್ತದ ಸೋಡಿಯಂ ಇಳಿಯುವುದುಂಟು, ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಮಾತು ತಡವರಿಸಿದರೆ, ಮಂಕು ಕವಿದರೆ ಲಕ್ವ ಎಂದುಕೊಳ್ಳುವ ಮೊದಲು ಸೋಡಿಯಂ ಪರೀಕ್ಷೆಯನ್ನೂ ಮರೆಯಬಾರದು. ಪ್ರಾಸ್ಟೇಟ್ ಊತಕ್ಕೆ ಕೊಡುವ ಕೆಲವು ಗುಳಿಗೆಗಳು ನಿಂತಾಗಿನ ಒತ್ತಡವನ್ನು ಕುಸಿಸುತ್ತವೆ.

ಬೆಳಿಗ್ಗೆಯೋ ರಾತ್ರಿಯೋ ಎಂಬ ವಾದವನ್ನು 21 ಸಾವಿರಕ್ಕೂ ಹೆಚ್ಚು ಜನರ ಬ್ರಿಟಿಷ್ ಪ್ರಯೋಗ 2022ರಲ್ಲಿ ಮುಗಿಸಿತು: ಯಾವಾಗ ನುಂಗಿದರೂ ಒಂದೇ, ಮರೆಯದೆ ನುಂಗಬೇಕು.

ಬಿಪಿಯ ಚೀಟಿಯಲ್ಲಿ ಇರದ, ಆದರೆ ಬಿಪಿ ಕೆಡಿಸುವ ಗುಳಿಗೆ ಇನ್ನೊಂದಿದೆ. ಜೀವಮಾನವಿಡೀ ಹೊಲದಲ್ಲಿ ಬಗ್ಗಿ ದುಡಿದವರ ಮೊಣಕಾಲು ನೋವಿಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಒತ್ತಡ ಏರಿಸುತ್ತವೆ. ಟೆಲ್ಮಿಸಾರ್ಟನ್ ಮತ್ತು ಮೂತ್ರದ ಗುಳಿಗೆ ಜೊತೆ ಇವು ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು. ಬಿಪಿ ಹತೋಟಿಗೆ ಬರುತ್ತಿಲ್ಲವೆಂದು ಮೂರನೆಯ ಔಷಧಿ ಬರೆಯುವ ಮೊದಲು ‘ನೋವಿಗೆ ಏನು ತಗೋತೀರಿ?’ ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಉಪ್ಪು, ರೊಟ್ಟಿ, ಕೆಂಪು ಬಾಳೆ

ಏರೊತ್ತಡ ವ್ಯಕ್ತಿಯ ರೋಗವಲ್ಲ, ಸಮಾಜದ ಊಟದ ರೋಗ ಎನ್ನುವ ಪಕ್ಷ ಮೂರನೆಯದು. 1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಅಧ್ಯಯನ 32 ದೇಶಗಳ 52 ಕಡೆ, ಭಾರತದಲ್ಲಿ ದೆಹಲಿ ಮತ್ತು ಲಡಾಖ್‌ನಲ್ಲಿ, ಜನರ ಉಪ್ಪಿನ ಸೇವನೆ ಅಳೆಯಿತು. ಉಪ್ಪನ್ನೇ ಕಾಣದ ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ವಯಸ್ಸಾದರೂ ಒತ್ತಡ ಏರುವುದಿಲ್ಲ. ಮುಪ್ಪಿನೊಂದಿಗೆ ಬಿಪಿ ಏರುವುದು ಪ್ರಕೃತಿಯ ನಿಯಮ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಎದುರು ಸಾಕ್ಷಿ ಇಲ್ಲ. ಜೆಫ್ರಿ ರೋಸ್ 1985ರಲ್ಲಿ ವಾದಿಸಿದಂತೆ, ಕೆಲವರಿಗೆ ಗುಳಿಗೆ ಕೊಡುವುದಕ್ಕಿಂತ ಇಡೀ ಜನಸಮೂಹದ ಸರಾಸರಿಯನ್ನು ತುಸು ಇಳಿಸಿದರೆ ಹೆಚ್ಚು ಜೀವ ಉಳಿಯುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ. ಕಲಬುರಗಿ ಸೀಮೆಯ ಊಟದಲ್ಲಿ ಇದಕ್ಕೆ ಅನುಕೂಲವೂ ಇದೆ, ಅಡ್ಡಿಯೂ ಇದೆ. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಆ ಬರಿದನ್ನು ತುಂಬಲು ಬದಿಗೆ ಬರುವ ಶೇಂಗಾ ಹಿಂಡಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲೇ ಉಪ್ಪೆಲ್ಲ. ಹಲ್ಲು ಬಿದ್ದವರು ಪಲ್ಯ, ಹಸಿ ತರಕಾರಿ ಬಿಟ್ಟು ಸಾರಿನಲ್ಲಿ ನೆನೆಸಿದ ರೊಟ್ಟಿಗೆ ಹಿಂಡಿ ಕಲಸಿಕೊಂಡು ಉಂಡರೆ ಉಪ್ಪು ಇನ್ನೂ ಹೆಚ್ಚುತ್ತದೆ. ರೊಟ್ಟಿ ಬಿಟ್ಟು ಚಪಾತಿ ತಿನ್ನಿ ಎಂಬ ಸಲಹೆಗಿಂತ ರೊಟ್ಟಿ ಇಟ್ಟುಕೊಂಡು ಹಿಂಡಿಯ ಉಪ್ಪು ಇಳಿಸಿ ಎಂಬ ಸಲಹೆ ಇಲ್ಲಿಗೆ ಹೊಂದುತ್ತದೆ.

ಉಪ್ಪಿನ ಇನ್ನೊಂದು ಮುಖ ಪೊಟ್ಯಾಸಿಯಂ. ಅದು ಒತ್ತಡ ಇಳಿಸುತ್ತದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು, ಕಲಬುರಗಿಯ ತೊಗರಿಬೇಳೆ ಎರಡರಲ್ಲೂ ಪೊಟ್ಯಾಸಿಯಂ ಇದೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ. ಹಾಗೆಂದು ಬಾಳೆಹಣ್ಣು ಗುಳಿಗೆಯ ಬದಲಿಯಲ್ಲ. ಚೀನಾದ ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ, ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡ್‌ಗೆ ಬದಲಿಸಿದರೆ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. ಇಂಥ ಉಪ್ಪು ಭಾರತದ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಮೂತ್ರಪಿಂಡ ಸೋತವರಲ್ಲಿ, ಟೆಲ್ಮಿಸಾರ್ಟನ್‌ನಂಥ ಗುಳಿಗೆ ನುಂಗುವ ಹಿರಿಯರಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಮೂತ್ರಪಿಂಡದ ಪರೀಕ್ಷೆ ಮಾಡಿಸದೆ ಇದನ್ನು ಶುರು ಮಾಡಬಾರದು.

ಸಿಗುವುದು, ಉಳಿಯುವುದು

ನಾಲ್ಕನೆಯ ಪಕ್ಷ ಸಂಖ್ಯೆಗಳ ಜಗಳದಿಂದ ಹೊರಗೆ ನಿಂತಿದೆ. 130ಓ 140ಓ ಎಂದು ಚರ್ಚಿಸುವ ಮೊದಲು ಎಷ್ಟು ಜನ 140ರ ಒಳಗಿದ್ದಾರೆ ನೋಡಿ ಎಂಬುದು ಅದರ ಮಾತು. ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಭಾರತದ ವಯಸ್ಕರಲ್ಲಿ ಶೇ 35.5 ಜನರಿಗೆ ಏರೊತ್ತಡ ಇದೆಯೆಂದು ಅಂದಾಜಿಸಿತು. 2017ರ ನವೆಂಬರ್‌ನಲ್ಲಿ ಶುರುವಾದ ಭಾರತೀಯ ಏರೊತ್ತಡ ನಿಯಂತ್ರಣ ಕಾರ್ಯಕ್ರಮದ ಸೂತ್ರ ಸರಳ: ಎಲ್ಲರಿಗೂ ಒಂದೇ ಹಂತಕ್ರಮದ ಅಗ್ಗದ ಗುಳಿಗೆಗಳು, ತಪ್ಪದ ಸರಬರಾಜು, ನರ್ಸ್ ಮತ್ತು ಆಶಾ ಕಾರ್ಯಕರ್ತೆಯರಿಗೆ ಹೊಣೆ, ಬಾರದವರನ್ನು ಹುಡುಕುವ ದಾಖಲೆ. ಗುರಿ 140/90. ಕರ್ನಾಟಕ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿಪಿ, ಸಕ್ಕರೆ ಪರೀಕ್ಷಿಸಿ ಗುಳಿಗೆ ತಲುಪಿಸುವ ಉದ್ದೇಶದ್ದು.

ಕಲಬುರಗಿಯಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ. ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇವೆಲ್ಲ ಕೆಟ್ಟ ಮೇಲೆ ಸರಿಪಡಿಸುವ ಜಾಗಗಳು. ಬಿಪಿ ಕೆಡದಂತೆ ಕಾಯುವ ಜಾಗ ಹಳ್ಳಿಯ ಉಪಕೇಂದ್ರ, ಕಮಲಾಪುರದಂಥ ತಾಲ್ಲೂಕು ಊರಿನ ಸರ್ಕಾರಿ ದವಾಖಾನೆ, ನಗರದ ವಾರ್ಡಿನ ‘ನಮ್ಮ ಕ್ಲಿನಿಕ್’. ಅಲ್ಲಿ ಗುಳಿಗೆ ತಿಂಗಳು ತಪ್ಪದೆ ಸಿಕ್ಕರೆ ಜಯದೇವಕ್ಕೆ ಹೋಗುವವರ ಸಾಲು ಚಿಕ್ಕದಾಗುತ್ತದೆ. ಓದು ಬಾರದ ಹಿರಿಯರು ಗುಳಿಗೆಯನ್ನು ಬಣ್ಣ, ಆಕಾರದಿಂದ ಗುರುತಿಸುತ್ತಾರೆ. ಸರಬರಾಜುದಾರ ಬದಲಾಗಿ ಬಿಳಿ ಗುಳಿಗೆ ಗುಲಾಬಿಯಾದರೆ ಎರಡನ್ನೂ ನುಂಗುವುದೋ ಎರಡನ್ನೂ ಬಿಡುವುದೋ ಆಗುತ್ತದೆ. ಮಗ ಸೊಸೆ ದುಡಿಯಲು ಹೋದ ತಿಂಗಳುಗಳಲ್ಲಿ ಇದನ್ನು ನೋಡುವವರು ಆಶಾ ಕಾರ್ಯಕರ್ತೆ ಬಿಟ್ಟರೆ ಬೇರೆ ಯಾರೂ ಇಲ್ಲ.

‘ಬಿಪಿ ನಾರ್ಮಲ್ ಆಯ್ತು, ಗುಳಿಗೆ ಬಿಟ್ಟೀನಿ’ ಎಂಬ ಮಾತು ಇಡೀ ಜಿಲ್ಲೆಯಲ್ಲಿ ಕೇಳಿಬರುತ್ತದೆ. ನಾರ್ಮಲ್ ಆದದ್ದು ಗುಳಿಗೆಯಿಂದಲೇ ಎಂದು ತಿಳಿಹೇಳಲು ಎರಡು ನಿಮಿಷ ಬೇಕು. ಜನಸಂದಣಿಯ ಹೊರರೋಗಿ ವಿಭಾಗದಲ್ಲಿ ಆ ಎರಡು ನಿಮಿಷವೇ ಸಿಗದು.

ಬಿಸಿಲು ಮತ್ತು ಉಪವಾಸ

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಿನಲ್ಲಿ ಉಪ್ಪು ನೀರು ಹೋಗುತ್ತವೆ, ಒತ್ತಡ ತಾನೇ ಇಳಿಯುತ್ತದೆ. ಡಿಸೆಂಬರಿನ ಚಳಿಯಲ್ಲಿ ನಿಗದಿ ಮಾಡಿದ ಪ್ರಮಾಣ ಮೇ ತಿಂಗಳಲ್ಲಿ ಹೆಚ್ಚಾಗಬಹುದು, ಅದರಲ್ಲೂ ಮೂತ್ರದ ಗುಳಿಗೆ. ಬೇಸಿಗೆಯ ಮೊದಲು, ಚಳಿಗಾಲದ ಮೊದಲು ಒಮ್ಮೊಮ್ಮೆ ಪ್ರಮಾಣ ಮರುಪರಿಶೀಲಿಸುವುದು ಈ ಜಿಲ್ಲೆಯಲ್ಲಿ ನಿಯಮವೇ ಆಗಬೇಕು. ವಾಂತಿ ಭೇದಿ ಶುರುವಾದ ದಿನಗಳಲ್ಲಿ ಮೂತ್ರದ ಗುಳಿಗೆ, ಟೆಲ್ಮಿಸಾರ್ಟನ್ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳುವುದು ಅವಶ್ಯ. ರಂಜಾನ್ ರೋಜಾ ಹಿಡಿಯುವವರು, ಶ್ರಾವಣದ ಒಪ್ಪತ್ತು ಮಾಡುವವರು ದಿನಕ್ಕೊಮ್ಮೆ ನುಂಗುವ ಗುಳಿಗೆಗೆ ಬದಲಿಸಿಕೊಂಡರೆ ಔಷಧಿ ತಪ್ಪುವುದಿಲ್ಲ.

ಇತ್ಯರ್ಥವಾಗದೆ ಉಳಿದವು

ಗಟ್ಟಿಮುಟ್ಟಾದ ಅರವತ್ತರಿಂದ ಎಂಬತ್ತರವರಿಗೆ ಮೊದಲು 140ರ ಒಳಗೆ, ತಾಳಿಕೊಂಡರೆ 130ರ ಹತ್ತಿರ ಎಂಬಲ್ಲಿಗೆ ಪ್ರಪಂಚದ ಅಭಿಪ್ರಾಯ ಬಹುಮಟ್ಟಿಗೆ ಬಂದು ನಿಂತಿದೆ. ಅದರಾಚೆ ಒಮ್ಮತವಿಲ್ಲ. ಎಂಬತ್ತು ದಾಟಿದವರಿಗೆ ಬ್ರಿಟನ್ನಿನ ನೈಸ್ ಸಂಸ್ಥೆ 150/90 ಸಾಕೆನ್ನುತ್ತದೆ, ಅಮೆರಿಕದ 2025ರ ಮಾರ್ಗಸೂಚಿ 130ರ ಕಡೆಗೇ ವಾಲುತ್ತದೆ. ಕೆಳಗಿನ ಸಂಖ್ಯೆ 60ಕ್ಕಿಂತ ತಗ್ಗಿದರೆ ನಿಲ್ಲಬೇಕೋ ಬೇಡವೋ ಎಂಬುದಕ್ಕೆ ನೇರ ಪ್ರಯೋಗದ ಉತ್ತರವಿಲ್ಲ. ಮೂರು ಗುಳಿಗೆ ನುಂಗುವ ಬಳಲಿದ ವ್ಯಕ್ತಿಯಲ್ಲಿ ಮೊದಲು ಯಾವುದನ್ನು ಬಿಡಿಸಬೇಕು, ಯಾವಾಗ ಎಂಬುದೂ ಅಷ್ಟೆ. ಮರೆವಿನ ರೋಗ ಆಗಲೇ ಬಂದವರಲ್ಲಿ ಒತ್ತಡ ಇಳಿಸುವುದರಿಂದ ಲಾಭವೋ ನಷ್ಟವೋ ತಿಳಿದಿಲ್ಲ. 44, 45 ಡಿಗ್ರಿ ಬಿಸಿಲಿನ ಊರುಗಳಲ್ಲಿ ಬಿಗಿ ಗುರಿ ಎಷ್ಟು ಸುರಕ್ಷಿತ ಎಂಬುದನ್ನು ಈ ದೊಡ್ಡ ಪ್ರಯೋಗಗಳು ಕೇಳಿಯೇ ಇಲ್ಲ.

ಎಂಬತ್ತು ದಾಟಿದವರ ಚಿಕಿತ್ಸೆಗೆ ಇಂದಿಗೂ ಆಧಾರವಾಗಿರುವ ಹೈವೆಟ್ ನಡೆದದ್ದು ಯುರೋಪ್, ಚೀನಾ, ಆಸ್ಟ್ರೇಲಿಯಾ ಭಾಗ ಮತ್ತು ಟ್ಯುನೀಸಿಯಾದಲ್ಲಿ. ಸ್ಪ್ರಿಂಟ್ ನಡೆದದ್ದು ಅಮೆರಿಕದಲ್ಲಿ. ಎರಡರಲ್ಲೂ ಭಾರತದ ಒಂದು ಕೇಂದ್ರವೂ ಇರಲಿಲ್ಲ.